ದ್ವೀಪಾಂತರ ಶಿಕ್ಷೆಯೂ ಶರಣದೃಷ್ಟಿಯೂ

ರಾಮದುರ್ಗ ತಾಲೂಕಿನ ಸುರೇಬಾನವು 1858ರ ಬಂಡಾಯದ ಇತಿಹಾಸದಲ್ಲಿ ಉಲ್ಲೇಖಗೊಂಡ ಊರು. ಆ ವರ್ಷದ ಮೇ ತಿಂಗಳ ಕೊನೆಗೆ ನರಗುಂದದ ಬಾಬಾಸಾಹೇಬನ ಪಡೆಯು ಆಂಗ್ಲ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನನ್ನು ಇಲ್ಲಿ ವಧಿಸಿತು. ಜೂನ್ 12ರಂದು ಬಾಬಾಸಾಹೇಬನು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಅದೇ ವರ್ಷದ ಮಾರ್ಚ್ 10ರಂದು ಸುಮಾರು 200 ಬಂದಿಗಳನ್ನು ಹೊತ್ತ ಹಡಗು ಅಂಡಮಾನನ್ನು ಮುಟ್ಟಿತ್ತು. ಜನರ ಬಾಯಲ್ಲಿ ಇದೇ ‘ಕರಿನೀರಿನ ಶಿಕ್ಷೆ’ಯಾಯಿತು.

ಈ ಶಿಕ್ಷೆಯು ಬಂಡುಕೋರರಿಗಷ್ಟೇ ಮೀಸಲಾಗಿರಲಿಲ್ಲ. 1860ರ ದಂಡಸಂಹಿತೆಯ 75ನೆಯ ಕಲಮು, ಖೋಟಾ ನಾಣ್ಯ, ಕಳವು ಮೊದಲಾದ ಗುರುತರ ಅಪರಾಧಗಳಲ್ಲಿ ಒಮ್ಮೆ ಶಿಕ್ಷೆ ಹೊಂದಿದವನು ಮತ್ತೆ ಅಂಥದೇ ಅಪರಾಧ ಮಾಡಿದರೆ, ಅವನನ್ನು ಆಜೀವ ದ್ವೀಪಾಂತರಕ್ಕೆ ಕಳುಹಿಸಲು ನ್ಯಾಯಾಲಯಕ್ಕೆ ಅಧಿಕಾರವಿತ್ತಿತು. ಮನುಷ್ಯನನ್ನು ತಿದ್ದುವುದಕ್ಕಿಂತ ಅವನನ್ನು ಸಮಾಜದಿಂದ ದೂರ ಸಾಗಿಸುವುದು ಸುಲಭವೆಂಬುದೇ ಇದರ ಆಶಯ.

ಇಲ್ಲಿ ಶಿಕ್ಷೆಗೆ ವ್ಯಕ್ತಿಯ ಕೃತ್ಯವಾದರೂ ಆಧಾರವಾಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಆ ಆಧಾರವೂ ಉಳಿಯಲಿಲ್ಲ. ಇಡೀ ಕುಲವೇ ಹುಟ್ಟಿನಿಂದ ಅಪರಾಧಿಯೆಂಬ ಪಟ್ಟಿಗೆ ಸೇರಿತು. ಮುಂಬಯಿ ಪ್ರಾಂತಕ್ಕೆ ಅದು 1911ರ ಕಾಯಿದೆಯ ಮೂಲಕ ವಿಸ್ತರಿಸಿತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟು’ಗಳೆದ್ದವು. ಅಲ್ಲಿದ್ದವರು ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಹೊರಹೋಗಬಾರದು. ಸಮುದ್ರವಿಲ್ಲದ ಬಯಲುಸೀಮೆಯಲ್ಲಿ ತಂತಿಬೇಲಿಯೇ ಕರಿನೀರಾಯಿತು.

ಈಗ ಶರಣರ ಕಡೆಗೆ ನೋಡೋಣ. ಕನ್ನದ ಮಾರಿತಂದೆಯ ಹೆಸರಿನಲ್ಲಿಯೇ ಅವನ ಪೂರ್ವವೃತ್ತಿಯ ಸೂಚನೆಯಿದೆ. ಕನ್ನಗಾರನ ಪರಿಭಾಷೆಯನ್ನೇ ಅವನು ತನ್ನ ವಚನಗಳಲ್ಲಿ ಅನುಭಾವಕ್ಕೆ ತಿರುಗಿಸಿಕೊಂಡನು. ಉರಿಲಿಂಗಪೆದ್ದಿಯ ವಿಷಯದಲ್ಲಿ ಪರಂಪರೆಯು ಹೇಳುವುದು ಇನ್ನೂ ಮಹತ್ತರವಾದುದು. ಕಳವಿಗೆಂದು ಹೋದವನು ಅಲ್ಲಿ ನಡೆಯುತ್ತಿದ್ದ ದೀಕ್ಷೆಯನ್ನು ಕಂಡು ಮನಸೋತನು. ಉರಿಲಿಂಗದೇವನು ಅವನ ಕುಲವನ್ನಾಗಲಿ ಪೂರ್ವಚರಿತೆಯನ್ನಾಗಲಿ ಅಡ್ಡಿಯೆಂದೆಣಿಸದೆ ಶಿಷ್ಯನನ್ನಾಗಿ ಸ್ವೀಕರಿಸಿದನು. ಅವನ ತರುವಾಯ ಆ ಶಿಷ್ಯನೇ ಗುರುಪೀಠವನ್ನೇರಿದನು. ಕಾಯಿದೆ ಹೊರಗಿಡುತ್ತಿದ್ದವನನ್ನು ಗುರುವು ಒಳಗೆ ಕರೆದುಕೊಂಡನು. ಭವಿಯು ಭಕ್ತನಾದ ಬಳಿಕ ಅವನ ಪೂರ್ವವನ್ನೆತ್ತಬಾರದೆಂಬ ಶರಣರ ನಿಯಮವು ಕೇವಲ ಸೌಜನ್ಯವಲ್ಲ. ಮನುಷ್ಯನು ಬದಲಾಗಬಲ್ಲನೆಂಬ ಸಿದ್ಧಾಂತ.

ಅಪರಾಧಿ ಬುಡಕಟ್ಟುಗಳ ಕಾಯಿದೆ 1952ರಲ್ಲಿ ರದ್ದಾಯಿತು. ದ್ವೀಪಾಂತರ ಶಿಕ್ಷೆಯ ಸ್ಥಾನದಲ್ಲಿ 1955ರ ತಿದ್ದುಪಡಿಯು ಆಜೀವ ಕಾರಾವಾಸವನ್ನಿರಿಸಿತು. ಆದರೂ ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಕಾರಾಗೃಹ ನಿಯಮಗಳು ಅಲ್ಲಲ್ಲಿ ಉಳಿದಿದ್ದವು. ಅಂಥವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ ಅಸಾಂವಿಧಾನಿಕವೆಂದು ಸಾರಿತು. ಕಾಗದದ ಮೇಲಿನ ಹಣೆಪಟ್ಟಿ ಕಳಚಬಹುದು. ನೆರೆಮನೆಯವನ ಕುಲವನ್ನು ಕೇಳಿದೊಡನೆ ನಮ್ಮ ಮನಸ್ಸಿನಲ್ಲೇಳುವ ಶಂಕೆಯನ್ನು ಕಳಚಬೇಕಾದವರು ನಾವೇ. ಉರಿಲಿಂಗಪೆದ್ದಿಯ ವಚನಗಳನ್ನು ಭಕ್ತಿಯಿಂದ ಓದುವವರಿಗೆ ಈ ಹೊಣೆ ತಪ್ಪಿದ್ದಲ್ಲ.