ಹಳೆಯ ಸೀರೆಗೆ ಹೊಸ ಬಾಳು

ರೈತರ ಮನೆಯಲ್ಲಿ ಹಳೆಯ ಸಾಮಾನುಗಳಿಗೆ ಕೊರತೆಯಿಲ್ಲ. ಮಾಸಿದ ಸೀರೆ, ಹರಿದ ಪಂಚೆ, ಬಾಯಿ ಒಡೆದ ಗಡಿಗೆ, ಖಾಲಿ ಗೋಣಿಚೀಲ ಅಟ್ಟದ ಮೇಲೆ ರಾಶಿ ಬಿದ್ದಿರುತ್ತವೆ. ಪಾತ್ರೆ ಮಾರುವವನು ಬಂದಾಗ ನಾಲ್ಕೈದು ಸೀರೆ ಕೊಟ್ಟು ಒಂದು ತೆಳು ಡಬರಿಯನ್ನು ಕೊಳ್ಳುವುದುಂಟು. ಅದೇ ಸೀರೆಗಳಿಂದ ಹತ್ತಾರು ಚಳಿಗಾಲ ಬಾಳುವ ಕೌದಿಯನ್ನು ಮಾಡಬಹುದೆಂಬುದನ್ನು ಗೃಹಿಣಿಯರು ಮರೆಯಬಾರದು.

ಕೌದಿ ನಮಗೆ ಹೊಸದೇನಲ್ಲ. ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಅಜ್ಜಿಯ ಇಳಕಲ್ ಸೀರೆ ಮೊಮ್ಮಗುವಿನ ಹಾಸಿಗೆಯಾಗುವುದು ರೂಢಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಇದನ್ನು ಕವಂದಿ ಎನ್ನುತ್ತಾರೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ ಬಟ್ಟೆಯನ್ನು ಹೂವಿನಂತೆ ಕೂಡಿಸುತ್ತಾರೆ.

ಬಟ್ಟೆಯ ಆಯ್ಕೆ

ಹತ್ತಿಯ ಬಟ್ಟೆಯೇ ಉತ್ತಮ. ಅದು ಬೆವರನ್ನು ಹೀರುತ್ತದೆ, ಒಗೆದಷ್ಟೂ ಮೆದುವಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬೆವರು ಹೀರುವುದಿಲ್ಲ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತವೆ. ಆದುದರಿಂದ ಮಕ್ಕಳ ಹಾಸಿಗೆಗೆ ಅವು ಬೇಡ. ಇಂತಹ ಸೀರೆಗಳನ್ನು ಮೂರು ಪಟ್ಟಿಗಳಾಗಿ ಸೀಳಿ, ಜಡೆ ಹೆಣೆದು, ಚಕ್ಕುಲಿಯಂತೆ ಸುತ್ತಿ ಹೊಲಿದರೆ ಬಾಗಿಲಿಗೆ ಗಟ್ಟಿಯಾದ ಕಾಲೊರಸು ಆಗುತ್ತದೆ.

ಬಟ್ಟೆಗಳನ್ನು ಮೊದಲು ಒಗೆದು ಒಣಗಿಸಿರಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಡುವುದನ್ನು ಬೇರೆ ಇಡಿರಿ.

ಹೊಲಿಯುವ ಕ್ರಮ

1. 5.5 ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡಿ, ಉದ್ದದ ಅಂಚುಗಳನ್ನು ಕೂಡಿಸಿ ಹೊಲಿಯಿರಿ. ಸುಮಾರು 9 ಅಡಿ ಉದ್ದ, 7 ಅಡಿ ಅಗಲದ ಒಂದು ಪದರ ಸಿಗುತ್ತದೆ. ಇದು ಅಡಿಪದರ.

2. ಇದರ ಮೇಲೆ ಹರಿದ ಸೀರೆ, ಪಂಚೆಗಳನ್ನು ಎರಡು ಮೂರು ಪದರ ಸುಕ್ಕಿಲ್ಲದಂತೆ ಹಾಸಿರಿ. ಎಲ್ಲಕ್ಕಿಂತ ಮೇಲೆ ಅಂದವಾದ ಸೀರೆ ಬರಲಿ. ಮೇಲಿನ ಪದರಗಳು ಅಡಿಪದರಕ್ಕಿಂತ ಸುತ್ತಲೂ ಎರಡು ಬೆರಳು ಕಡಿಮೆಯಿರಲಿ.

3. ಅಡಿಪದರದ ಅಂಚನ್ನು ಮೇಲಕ್ಕೆ ಮಡಿಸಿ, ಪದರಗಳು ಜಾರದಂತೆ ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿರಿ.

4. ಮೇಲಿನ ಸೀರೆಯ ಹರಕಿನ ಮೇಲೆ ಬಣ್ಣದ ಚೌಕ, ತ್ರಿಕೋನಗಳ ತೇಪೆ ಇಡಿರಿ. ಹರಕನ್ನು ಮುಚ್ಚುವ ತೇಪೆಯೇ ಕೌದಿಯ ಅಲಂಕಾರ.

5. ದಪ್ಪ ಸೂಜಿ, ಹತ್ತಿಯ ದಾರದಿಂದ ಎಲ್ಲ ಪದರಗಳನ್ನೂ ಹಿಡಿದು ಸಾಲಾಗಿ ಹೊಲಿಯಿರಿ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ ಸಾಕು. ಸಾಲುಗಳು ಒತ್ತಾಗಿದ್ದಷ್ಟೂ ಬಾಳಿಕೆ ಹೆಚ್ಚು.

ನೆನೆದ ಕೌದಿ ಬಹಳ ಭಾರ. ಹಗ್ಗಕ್ಕೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ. ಬಂಡೆಯ ಮೇಲೆ ಹರಡಿ ಒಣಗಿಸುವುದು ಒಳ್ಳೆಯದು. ಎತ್ತಿಡುವಾಗ ಮಡಿಕೆಗಳ ನಡುವೆ ಒಣ ಬೇವಿನೆಲೆ ಇಡಿರಿ.

ಉಳಿದ ಸೀರೆಯ ದಡಿಗಳನ್ನು ಸಾಲಾಗಿ ಜೋಡಿಸಿದರೆ ಬಾಗಿಲಿಗೆ ತೋರಣವಾಗುತ್ತದೆ. ಬಾಯಿ ಒಡೆದ ಗಡಿಗೆಯ ತಳಕ್ಕೆ ತೂತು ಮಾಡಿ, ಬೋಕಿ ಚೂರು ಹಾಕಿ, ಮಣ್ಣು ಗೊಬ್ಬರ ತುಂಬಿ ದೊಡ್ಡಪತ್ರೆಯನ್ನೋ ತುಳಸಿಯನ್ನೋ ನೆಡಬಹುದು. ನೀರು ನಿಲ್ಲಗೊಡಬಾರದು. ನಿಂತ ನೀರಿನಲ್ಲಿ ಒಂದೆರಡು ವಾರದೊಳಗೆ ಸೊಳ್ಳೆಗಳು ಹುಟ್ಟುತ್ತವೆ.

ಇವುಗಳನ್ನು ಮಾತ್ರ ಮನೆಗೆ ತರಬೇಡಿ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕೀಟನಾಶಕದ ಡಬ್ಬಿಗಳು ಗಟ್ಟಿಯಾಗಿರುತ್ತವೆ, ಮುಚ್ಚಳವೂ ಚೆನ್ನಾಗಿರುತ್ತದೆ. 'ಚೆನ್ನಾಗಿ ತೊಳೆದಿದ್ದೇವಲ್ಲ' ಎಂದು ಅದರಲ್ಲಿ ಸೀಮೆಎಣ್ಣೆ, ಬೀಜ, ಕೆಲವೊಮ್ಮೆ ಕುಡಿಯುವ ನೀರನ್ನೂ ಇಡುವವರಿದ್ದಾರೆ. ಎಷ್ಟು ತೊಳೆದರೂ ವಿಷದ ಅಂಶ ಡಬ್ಬಿಯಲ್ಲಿ ಉಳಿಯಬಹುದು. ಇಂದು ಹೂಕುಂಡವಾದ ಡಬ್ಬಿ ನಾಳೆ ಮಗುವಿನ ಕೈಯಲ್ಲಿ ಆಟದ ಲೋಟವಾಗುತ್ತದೆ. ಲೇಬಲ್ಲಿನ ತ್ರಿಕೋನ ಕೆಂಪು, ಹಳದಿ, ನೀಲಿ, ಹಸಿರು ಯಾವುದೇ ಇರಲಿ, ಆ ಡಬ್ಬಿ ಮನೆಗೆ ಸಲ್ಲದು.

ಸಿಂಪರಣೆಗೆ ಔಷಧಿ ಬೆರೆಸುವಾಗಲೇ ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ಟ್ಯಾಂಕಿಗೇ ಸುರಿಯಿರಿ. ಮತ್ತೆ ಬಳಸಲಾಗದಂತೆ ತೂತು ಮಾಡಿರಿ. ಡಬ್ಬಿಗಳನ್ನು ಹೊರಗೆ ಬಿಸಾಡದೆ, ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕಗಳ ನಿಯಮಾವಳಿ ಹೇಳುತ್ತದೆ. ಬಾವಿ, ಹಳ್ಳಗಳ ಬಳಿ ಹೂಳಬಾರದು, ಒಲೆಗೂ ಹಾಕಬಾರದು. ಸಂದೇಹವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ವಿಷ ಲೇಪಿಸಿದ ಬಿತ್ತನೆ ಬೀಜದ ಚೀಲಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳಲ್ಲಿ ಕಾಳು ತುಂಬಬೇಡಿ, ಹಾಸಲು ಬಳಸಬೇಡಿ. ಗೋಣಿಚೀಲದ ಹಿಂದಿನ ಬಳಕೆ ತಿಳಿಯದಿದ್ದರೆ ಅದನ್ನು ಬಿಟ್ಟುಬಿಡುವುದೇ ಲೇಸು.

ಈ ಸುಗ್ಗಿ ಮುಗಿದ ಬಿಡುವಿನಲ್ಲಿ ಅಟ್ಟದ ಸಾಮಾನನ್ನು ಅಂಗಳಕ್ಕೆ ಇಳಿಸಿರಿ. ಸೀರೆ, ಗಡಿಗೆಗಳನ್ನು ಒಂದು ಕಡೆ ಇಡಿರಿ, ವಿಷದ ಡಬ್ಬಿಗಳನ್ನು ಮಕ್ಕಳ ಕೈಗೆ ಸಿಗದಂತೆ ಬೇರೆ ಮಾಡಿರಿ. ನೆರೆಹೊರೆಯ ಅಕ್ಕತಂಗಿಯರು ಕೂಡಿ ಕುಳಿತರೆ ಕೌದಿಯ ನಾಲ್ಕು ಕಡೆಯಿಂದಲೂ ಹೊಲಿಗೆ ಸಾಗುತ್ತದೆ. ಮುಂದಿನ ಚಳಿ ಬರುವಷ್ಟರಲ್ಲಿ ಮನೆಗೊಂದು ಕೌದಿ ಸಿದ್ಧವಾಗಿರುತ್ತದೆ.