ಕಡಲ ದಂಡೆಯ ಚಹಾದಂಗಡಿಯಲ್ಲಿ



ನಮ್ಮ ವಯನಾಡಿಗೆ ಕಡಲಿಲ್ಲ. ಕಡಲು ನೋಡಬೇಕಾದರೆ ಲಕ್ಕಿಡಿ ದಾಟಿ, ತಾಮರಶ್ಶೇರಿ ಘಾಟಿಯ 9 ತಿರುವುಗಳನ್ನು ಇಳಿದು ಕೋಳಿಕ್ಕೋಡಿಗೆ ಹೋಗಬೇಕು. ಕಲ್ಪೆಟ್ಟದಿಂದ ಸುಮಾರು 70 ಕಿಲೋಮೀಟರು. ಆಸ್ಪತ್ರೆಗೋ ಮದುವೆಯ ಜವಳಿಗೋ ಹೋದವರು ಸಂಜೆ ದಂಡೆಗೆ ಹೋಗಿ, ಚಹಾದಂಗಡಿಯಲ್ಲಿ ಕರಿದ ತಿಂಡಿ ತಿನ್ನದೆ ಬರುವುದುಂಟೆ? ಅಲ್ಲಿಯ ಗಾಜಿನ ಪೆಟ್ಟಿಗೆಯಲ್ಲಿ ಇರುವುದೇನು, ಆರಿಸುವುದು ಹೇಗೆ ಎಂಬ ಬಗ್ಗೆ ನಾಲ್ಕು ಮಾತು.

ಮೊದಲನೆಯದು ಪಳಂಪೊರಿ. ಮಾಗಿದ ನೇಂದ್ರಬಾಳೆಯನ್ನು ಉದ್ದಕ್ಕೆ ಸೀಳಿ, ಮೈದಾಹಿಟ್ಟಿನಲ್ಲಿ ಅದ್ದಿ ಕರಿದದ್ದು. ನಮ್ಮ ತೋಟಗಳಲ್ಲಿ ಬೆಳೆಯುವ ಹಣ್ಣೇ ಘಾಟಿ ಇಳಿದು ಅಲ್ಲಿ ನಮಗೆ ಎದುರಾಗುತ್ತದೆ! ಎರಡನೆಯದು ಉನ್ನಕಾಯ. ಬೇಯಿಸಿ ಅರೆದ ನೇಂದ್ರಹಣ್ಣಿನೊಳಗೆ ತೆಂಗಿನತುರಿ, ಸಕ್ಕರೆ, ಗೋಡಂಬಿ ತುಂಬಿ, ಬೂರುಗದ ಕಾಯಿಯ ಆಕಾರ ಕೊಟ್ಟು ಕರಿಯುತ್ತಾರೆ. ಹೆಸರು ಬಂದದ್ದೂ ಆ ಕಾಯಿಯಿಂದಲೇ. ಮೂರನೆಯದು ಅರಿಕ್ಕಡುಕ್ಕ, ಕಡಲ ಚಿಪ್ಪಿನೊಳಗೆ ಅಕ್ಕಿಹಿಟ್ಟು ತುಂಬಿ ಬೇಯಿಸಿ, ಮಸಾಲೆ ಹಚ್ಚಿ ಕರಿದದ್ದು.

ನಮ್ಮ ಜೈನ ಗೌಡರ ಮನೆಯವರೂ ಇತರ ಸಸ್ಯಾಹಾರಿಗಳೂ ಒಂದು ವಿಷಯ ಗಮನಿಸಬೇಕು. ಉನ್ನಕಾಯದ ಹೂರಣಕ್ಕೆ ಮೊಟ್ಟೆ ಸೇರಿಸುವ ವಾಡಿಕೆಯುಂಟು. ಹೊರಗಿನಿಂದ ನೋಡಿದರೆ ತಿಳಿಯದು. "ಮುಟ್ಟ ಉಂಡೋ?" ಎಂದು ಕೇಳಿಬಿಡಿ. ಚಿಪ್ಪು ಕರಿದ ಬಾಣಲೆಯಲ್ಲೇ ಪಳಂಪೊರಿಯನ್ನೂ ಕರಿಯುತ್ತಾರೆಯೇ ಎಂದೂ ಕೇಳಿ. ಎರಡು ಭಾಷೆ ಬಲ್ಲ ನಮಗೆ ನಾಚಿಕೆಯೇಕೆ?

ಇನ್ನು ಎಣ್ಣೆಯ ವಿಚಾರ. ಬಾಣಲೆಯಲ್ಲಿ ಏಳುವ ಗುಳ್ಳೆ ಎಣ್ಣೆಯದಲ್ಲ, ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರುವುದು. ಎಣ್ಣೆ ಚೆನ್ನಾಗಿ ಕಾದಿದ್ದರೆ ಹೊರಗಿನ ಪದರ ಬೇಗ ಗರಿಯಾಗುತ್ತದೆ. ಕಾಯದಿದ್ದರೆ ತಿಂಡಿ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಂತೂ ಕೆಟ್ಟು, ಆರೋಗ್ಯಕ್ಕೆ ಹಾನಿಕರವಾದ ಪದಾರ್ಥಗಳು ಅದರಲ್ಲಿ ಹೆಚ್ಚುತ್ತವೆ. ಇಂಥ ಧ್ರುವೀಯ ಪದಾರ್ಥಗಳು ಶೇಕಡಾ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲೆಲ್ಲ ಜಾರಿಯಲ್ಲಿದೆ.

ನಮ್ಮ ಕೈಯಲ್ಲಿ ಅಳೆಯುವ ಯಂತ್ರವಿಲ್ಲ, ಕಣ್ಣು ಮೂಗುಗಳಿವೆ. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ನೊರೆ ಕಟ್ಟಿ ನಿಂತಿದ್ದರೆ, ಕಮಟು ವಾಸನೆ ಬಂದರೆ ಬರೀ ಚಹಾ ಕುಡಿದು ಏಳಿ. ತಿಂಡಿಯನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಟ್ಟರೆ ಬೇಡವೆನ್ನಿ. ಅಚ್ಚಿನ ಮಸಿ ಎಣ್ಣೆಗೆ ಹತ್ತುತ್ತದೆ. ಬಾಳೆಲೆ ಕೇಳಿ, ಇಲ್ಲವೆ ಮನೆಯಿಂದಲೇ ಡಬ್ಬಿ ಒಯ್ಯಿರಿ.

ಮಕ್ಕಳಿಗೆ ಒಂದೊಂದು ಬಿಸಿ ಪಳಂಪೊರಿ ಕೊಡಿಸಿ, ಕಡಲು ತೋರಿಸಿ. ಕತ್ತಲಾಗುವ ಮೊದಲು ಘಾಟಿಯ ಬಸ್ಸು ಹಿಡಿಯಿರಿ.