ಕಪಾಟಿನ ಆಯುಷ್ಯ ಜೋಡಣೆಯಲ್ಲಿದೆ

ಸೋಲದೇವನಹಳ್ಳಿಯಂಥ ಬೆಳೆಯುತ್ತಿರುವ ಊರಿನಲ್ಲಿ ಮನೆ ಕಟ್ಟಿದವರು ಕಪಾಟಿನ ಬಗ್ಗೆ ಮೊದಲು ಕೇಳುವುದು ಹೊರಮೈಯ ಬಣ್ಣವನ್ನು. ನನ್ನ ಮನೆಯ ಕಪಾಟುಗಳನ್ನು ನಾನೇ ಮಾಡಿಕೊಳ್ಳುವಾಗ ಕೇಳಿಕೊಂಡ ಪ್ರಶ್ನೆ ಬೇರೆ: ಈ ಹಲಗೆ ತೇವಕ್ಕೆ ಹೇಗೆ ವರ್ತಿಸುತ್ತದೆ?

ಕಡಿದ ಮೇಲೂ ಮರ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ; ಅದೂ ಉದ್ದಕ್ಕಲ್ಲ, ಅಗಲಕ್ಕೆ. ತೇಗವಾಗಲಿ, ಹಲಸಾಗಲಿ, ತೋಟದಂಚಿನ ಸಿಲ್ವರ್ ಓಕ್ ಆಗಲಿ, ಅಗಲವಾದ ಹಲಗೆಯನ್ನು ನಾಲ್ಕೂ ಕಡೆ ಅಂಟಿನಿಂದ ಬಿಗಿದರೆ ಸೀಳುವ ಅಪಾಯವಿದೆ. ಒಂದು ಪಟ್ಟಿಯಲ್ಲಿ ತೂತು ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಕೂಡಿಸಿ ಬಾಗಿಲಿನ ಚೌಕಟ್ಟನ್ನು ಭದ್ರಪಡಿಸಬೇಕು. ನಡುವಣ ಹಲಗೆಯನ್ನು ಮಾತ್ರ ಅಂಟಿಲ್ಲದೆ ತೋಡಿನೊಳಗೆ ಕೂರಿಸಬೇಕು. ಆಗ ಅದಕ್ಕೆ ಹಿಗ್ಗಲು ಎಡೆ ಸಿಗುತ್ತದೆ. ನುರಿತ ಬಡಗಿಗಳ ವಿವೇಕ ಇದೇ.

ಪ್ಲೈವುಡ್‌ನ ಗುಣ ಬೇರೆ. ಅಡ್ಡಡ್ಡವಾಗಿ ಅಂಟಿಸಿದ ಪದರಗಳು ಒಂದನ್ನೊಂದು ಹಿಡಿದಿಡುವುದರಿಂದ ಅದು ಅಷ್ಟಾಗಿ ಹಿಗ್ಗದು. ಆದರೆ ಅಂಚಿಗೆ ಹೊಡೆದ ಮೊಳೆ ಪದರಗಳನ್ನು ಬಿಡಿಸಬಲ್ಲದು. 18 ಮಿ.ಮೀ. ದಪ್ಪದ ಹಲಗೆಯಲ್ಲಿ 6 ಮಿ.ಮೀ. ಆಳದ ತೋಡು ತೆಗೆದು, ಅಂಟು ಹಚ್ಚಿ ಅಡ್ಡಹಲಗೆ ಕೂರಿಸಿದರೆ ಪಾತ್ರೆಗಳ ಭಾರವನ್ನು ಮೊಳೆಯಲ್ಲ, ಹಲಗೆಯೇ ಹೊರುತ್ತದೆ. ಸಿಂಕಿನ ಕೆಳಗೆ ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್ ಇರಲಿ. ಮಲಗುವ ಕೋಣೆಗೆ ಐಎಸ್ 303 ಸಾಕು. ಪಾರ್ಟಿಕಲ್ ಬೋರ್ಡ್ ಅಗ್ಗವೇನೋ ಹೌದು. ಆದರೆ ನೀರು ತಾಗಿ ಉಬ್ಬಿದ ಮೇಲೆ ಅದರಲ್ಲಿ ತಿರುಪು ನಿಲ್ಲದು.

ಆದ್ದರಿಂದ ಲ್ಯಾಮಿನೇಟಿನಲ್ಲಿ ಉಳಿಸಿದ ಹಣವನ್ನು ಕಣ್ಣಿಗೆ ಕಾಣದ ಹಲಗೆಗೂ ಜೋಡಣೆಗೂ ವ್ಯಯಿಸುವುದು ಲೇಸು. ಹೊಳಪು ಮಾಸಿದರೆ ಮತ್ತೆ ಬಳಿಯಬಹುದು; ಕೀಲು ಬಿಟ್ಟ ಕಪಾಟು ಗುಜರಿಗೂ ಸಲ್ಲದು.